ಹತ್ತೊಂಬತ್ತು ಮೆಟ್ಟಿಲುಗಳ ಕಲ್ಲು

ಹೊಳೆಹಂಚಿನಾಳ
ಹೊಳೆ ದಿಕ್ಕು ಬದಲಿಸಿದ ೧೩೬ನೇ ವರ್ಷ, ಮಘಾ ಮಳೆಯ ಕೊನೆಯ ದಿನ
(ನಿಮ್ಮ ಲೆಕ್ಕದಲ್ಲಿ ೨೨೪೮ರ ಆಗಸ್ಟ್ ತಿಂಗಳು)

ರವಿವಾರ ನಮ್ಮ ಗುಡ್ಡ ಹತ್ತಲು ಬರುವವರಿಗೆ,

ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಪದವಿಗೆ ಓದಿದವಳು. ನಮ್ಮವರೆಗೆ ಉಳಿದು ಬಂದ ನಿಮ್ಮ ಬರಹ ಹೆಚ್ಚೇನೂ ಇಲ್ಲ. ಮದುವೆಯ ಕರೆಯೋಲೆಗಳು, ಖಾನಾವಳಿಯ ಬೋರ್ಡುಗಳು, ಒಂದಿಷ್ಟು ಕಥೆ ಪುಸ್ತಕಗಳು, ‘ಇಲ್ಲಿ ಕಸ ಚೆಲ್ಲಬಾರದು’ ಎಂಬ ತಗಡಿನ ಫಲಕಗಳು. ಹಾಗಾಗಿ ಎಲ್ಲಾದರೂ ಮದುವೆಗೆ ಕರೆದಂತೆಯೋ ಕಸಕ್ಕೆ ಗದರಿದಂತೆಯೋ ಬರೆದಿದ್ದರೆ ಅದು ನನ್ನ ಪಠ್ಯದ ದೋಷ. ಎದುರಿಗೆ ಮಾತಾಡುವುದು ನನಗೆ ಕಷ್ಟ. ಬರೆಯುವುದಾದರೆ ಹೇಗೋ ಸಾಗುತ್ತದೆ.

ಸೇತುವೆ ದಾಟಿದ ಮೇಲೆ ಸಿಗುವ ಮೂರು ಕಾಲುದಾರಿಗಳು ನಿಮಗೆ ಗೊತ್ತು. ಎಡಗಡೆಯದು ಹೊಳೆಯ ದಂಡೆ ಹಿಡಿದು ಕೆಂಪು ಬಂಡೆಗೆ ಹೋಗುತ್ತದೆ. ಅಲ್ಲಿ ಆದಿಕಾಲದವರು ಬರೆದ ಗೂಳಿಗಳಿವೆ. ನಡುವಿನದು ಹಳೆಯ ಕಲ್ಲುಗಣಿಗೆ. ಗುಡಿಗೆಂದು ಅರ್ಧ ಕೆತ್ತಿ ಬಿಟ್ಟ ಕಂಬ ಅಲ್ಲಿ ಅಡ್ಡ ಮಲಗಿದೆ. ಬಲಗಡೆಯದು ನಾನೂರ ಹನ್ನೆರಡು ಮೆಟ್ಟಿಲು ಏರಿ ಕೋಟೆಗೆ. ನೀವು ಬುತ್ತಿ, ನೀರಿನ ಬಾಟಲಿ ಹಿಡಿದು ಮೂರನ್ನೂ ಒಂದೇ ದಿನದಲ್ಲಿ ಮುಗಿಸುತ್ತಿದ್ದಿರಂತೆ. ಈಗ ಗೂಳಿಗಳು ವರ್ಷದಲ್ಲಿ ಒಂಬತ್ತು ತಿಂಗಳು ನೀರೊಳಗಿರುತ್ತವೆ. ಗಣಿಯ ದಾರಿ ಜಾಲಿಯ ಪಾಲಾಗಿದೆ. ಉಳಿದದ್ದು ಮೆಟ್ಟಿಲ ದಾರಿಯೊಂದೇ. ನಾವು ಅದನ್ನು ಹತ್ತುವುದು ಜೀವ ಉಳಿಸಿಕೊಳ್ಳಲು. ಹೊಳೆಯ ಮೇಲ್ಗಡೆ ಎಲ್ಲೋ ಮಳೆ ಸುರಿದರೆ ಇಲ್ಲಿ ಸೈರನ್ ಕೂಗುತ್ತದೆ. ಕೂಗಿ ಒಂದು ತಾಸಿಗೆ ಹೊಳೆ ಪೇಟೆಯೊಳಗೆ ಬಂದಿರುತ್ತದೆ.

ಅದಕ್ಕೇ ನಮಗೆ ‘ಏರುದಿನ’ ಎಂಬುದೊಂದಿದೆ. ವರ್ಷಕ್ಕೊಮ್ಮೆ ಹೊಳೆ ಇಲಾಖೆಯವರು ಬಂದು ಸೈರನ್ ಒತ್ತುತ್ತಾರೆ. ತೊಟ್ಟಿಲ ಕೂಸಿನಿಂದ ಹಿಡಿದು ಕೋಲೂರುವ ಮುದುಕರವರೆಗೆ ಇಡೀ ಊರು ಒಂದು ತಾಸಿನೊಳಗೆ ಕೋಟೆಯ ಬಾಗಿಲು ದಾಟಬೇಕು. ಎರಡು ವರ್ಷ ಸಾಲಾಗಿ ಸೋತ ಊರನ್ನು ತೆರವು ಮಾಡಿಸಿ, ಜನರನ್ನು ಬಯಲುಸೀಮೆಯ ಬೇರೆ ಬೇರೆ ವಸತಿಗಳಿಗೆ ಹಂಚುತ್ತಾರೆ. ಹೋದ ವರ್ಷ ನಾವು ಸೋತೆವು. ಐವತ್ತೇಳನೇ ಮೆಟ್ಟಿಲು ಹೊರಳಿ ಸಾಂವಕ್ಕಜ್ಜಿ ಬಿದ್ದಳು, ಅವಳ ಹಿಂದಿನ ಸಾಲೆಲ್ಲ ನಿಂತಿತು. ಈ ವರ್ಷದ ಏರುದಿನ ನಾಳೆ ಬೆಳಿಗ್ಗೆ.

ನಾನು ‘ದಾರಿಪಾಳಿ’ಯವಳು. ಪದವಿ ಮುಗಿಸಿದವರು ಎರಡು ವರ್ಷ ಊರಿನ ಯಾವುದಾದರೂ ಕೆಲಸಕ್ಕೆ ನಿಲ್ಲಬೇಕು. ಜನರ ಜೊತೆ ಮಾತು ಕಡಿಮೆ ಎಂದು ನಾನು ದಾರಿ ಕಾಯುವ ಕೆಲಸ ಆರಿಸಿಕೊಂಡೆ. ಕಲ್ಲುಕುಟಿಗ ಇಮಾಮಸಾಬ ಕಾಕಾ ನನಗೆ ಗುರು. ಮೊದಲ ದಿನವೇ ಅವರು ಐವತ್ತೇಳನೇ ಮೆಟ್ಟಿಲ ಮೇಲೆ ಕುಕ್ಕುರುಗಾಲಲ್ಲಿ ಕೂತು, ಅದನ್ನು ಅಂಗೈಯಿಂದ ಅಲುಗಿಸಿ ತೋರಿಸಿದರು.

“ಹಲ್ಲು ಗಟ್ಟಿ ಅದಾವ ತಂಗಿ, ವಸಡ ಇಲ್ಲ.”

ಗಾರೆಯಿಲ್ಲದೆ ಕಟ್ಟಿದ ಮೆಟ್ಟಿಲುಗಳು ಅವು. ಪ್ರತಿ ಚಪ್ಪಡಿಯ ಕೆಳಗೆ ಅಂಗೈಯಗಲದ ಚಪ್ಪಟೆ ಕಲ್ಲುಚಕ್ಕೆಗಳನ್ನು ತೂರಿಸಿ ಬಿಗಿ ಮಾಡಿದ್ದರು. ಆ ಚಕ್ಕೆಗಳೇ ಕಾಣೆಯಾಗಿದ್ದವು. ಕಾಕಾ ಹೊರಗಿನ ಕಲ್ಲು ತರಿಸಿ ಕೂರಿಸಿದರು. ಒಂದೇ ಮಳೆಗೆ ಪುಡಿಯಾಯಿತು. ಗುಡ್ಡದ ಕಲ್ಲಿಗೆ ಉಳಿ ತಾಗಿಸುವಂತಿಲ್ಲ, ಅದು ನಿಮ್ಮ ಕಾಲದಿಂದ ಬಂದ ಕಾನೂನು.

ಒಂದು ಮಧ್ಯಾಹ್ನ ಕೋಟೆಯ ಮೇಲೆ ರೊಟ್ಟಿ ತಿನ್ನುತ್ತ ಕೂತಿದ್ದೆ. ಅಲ್ಲಿ ಕಣ್ಣು ಹಾಯುವವರೆಗೂ ‘ಆಸೆಗೂಡು’ಗಳಿವೆ. ಕಲ್ಲಿನ ಮೇಲೆ ಕಲ್ಲು ಪೇರಿಸಿ, ನನಗೊಂದು ಸ್ವಂತ ಮನೆಯಾಗಲಿ ಎಂದು ನೀವು ಬೇಡಿಕೊಂಡಿರಲ್ಲ, ಅವೇ. ಬಿದ್ದವನ್ನು ಮುಂದೆ ಬಂದವರು ಎತ್ತಿಟ್ಟರು, ಜೊತೆಗೆ ತಮ್ಮದೂ ಒಂದು ಇಟ್ಟರು. ನನ್ನ ಪಕ್ಕದ ಗೂಡಿನ ನಡುವಿನ ಕಲ್ಲಿನ ಒಂದು ಅಂಚಿನಲ್ಲಿ ಸಣ್ಣ ಉಳಿಗೀರುಗಳು ಓರೆಯಾಗಿ ಓಡಿದ್ದವು. ಅಂಥ ಗೀರು ನಾನು ಚಪ್ಪಡಿಗಳ ಅಡಿಯಲ್ಲಿ ನೋಡಿದ್ದೆ. ಮುಂದಿನ ಗೂಡಿನಲ್ಲೂ ಇತ್ತು, ಅದರಾಚೆಯದರಲ್ಲೂ. ಪೇರಿಸಲು ಚಪ್ಪಟೆ ಕಲ್ಲೇ ಬೇಕಲ್ಲ. ಹತ್ತುವಾಗ ಕೈಗೆ ಸುಲಭವಾಗಿ ಸಿಕ್ಕದ್ದು ಮೆಟ್ಟಿಲ ಸಂದಿಯ ಚಕ್ಕೆ. ನೀವು ಅದನ್ನು ಕದ್ದಿರಿ ಎನ್ನಲಾರೆ. ಅದು ಯಾವುದಕ್ಕೋ ಆಸರೆಯಾಗಿತ್ತೆಂದು ನಿಮಗೆ ತಿಳಿಯಲಿಲ್ಲ, ಅಷ್ಟೆ.

ಗೂಡು ಬಿಚ್ಚಲು ಊರಿನ ಒಪ್ಪಿಗೆ ಬೇಕಿತ್ತು. ಕಾಕಾ ನನ್ನನ್ನು ಚಾವಡಿಗೆ ಕರೆದೊಯ್ದು, “ಕಂಡಾಕಿ ನೀನು, ನೀನ ಹೇಳು” ಎಂದು ತಾವು ಹಿಂದೆ ಹೋಗಿ ಕೂತರು. ನಾನು ಹೇಳಿದ್ದು ಮುಂದಿನ ಎರಡು ಸಾಲಿಗಷ್ಟೇ ಕೇಳಿಸಿರಬೇಕು.

“ಈಕಿಗೆ ಮಾತು ಬರತಾವಂತ ಇವತ್ತ ಗೊತ್ತಾತು ನೋಡ್ರಿ,” ಎಂದು ಯಾರೋ ಅಂದರು. ನಗು ಎದ್ದಿತು.

ಕಾಲಿಗೆ ಇನ್ನೂ ಪಟ್ಟಿ ಕಟ್ಟಿಕೊಂಡಿದ್ದ ಸಾಂವಕ್ಕಜ್ಜಿ ನಗಲಿಲ್ಲ. “ಯಾರೋ ಪುಣ್ಯಾತ್ಮರು ಮನಿ ಬೇಕಂತ ಬೇಡಿಕೊಂಡು ಇಟ್ಟಾರ. ಕೆಡವಿದ್ರ ಆ ಪಾಪ ಯಾರ ತಲಿಗಿ? ನಿನ್ನ ತಲಿಗೋ, ನೀ ಓದಿದ ಪುಸ್ತಕದ ತಲಿಗೋ?”

ಬಿದ್ದವಳೇ ಅಡ್ಡ ಬಂದದ್ದು ನನಗೆ ಸಹಿಸಲಾಗಲಿಲ್ಲ. “ಅವರು ಬೇಡಿದ್ದು ಅವರ ಮನಿ, ಅಜ್ಜಿ. ಕಲ್ಲು ಕಿತ್ತಿದ್ದು ನಮ್ಮ ಮನಿದು. ಈ ವರ್ಷಾನೂ ಸೋತ್ರ ನಿನ್ನ ಎಲ್ಲಿಗೆ ಕಳಿಸತಾರೋ, ನನ್ನ ಎಲ್ಲಿಗೋ. ಆವಾಗ ಯಾವ ಗುಡ್ಡದ ಮ್ಯಾಲ ಕಲ್ಲಿಡೂಣು?”

ಅಜ್ಜಿ ಬಾಯೊಳಗಿನ ಎಲೆಯಡಿಕೆ ಉಗುಳಿದಳು. “ಬಿಚ್ಚೂದಾದ್ರ ಒಂದೊಂದಕ್ಕೂ ಕೈ ಮುಗದು ಬಿಚ್ಚಬೇಕು. ನಾನೂ ಬರತೇನಿ. ನಿನ್ನ ಮ್ಯಾಲ ನನಗ ನಂಬಿಗಿ ಇಲ್ಲ,” ಎಂದಳು.

ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದೆವು. ಎಪ್ಪತ್ತು ದಿನ ಆಕೆ ಮೇಲೆಯೇ ಬಿಡಾರ ಹೂಡಿ, ಗೂಡಿನಿಂದ ಗೂಡಿಗೆ ಹೋಗಿ ಕೈ ಮುಗಿದು, “ನಿಮ್ಮ ಮನಿ ಆಗಿರಬೇಕು, ಇನ್ನ ಕಲ್ಲು ಕೊಡ್ರಿ,” ಎಂದು ಕೇಳಿದಳು. ಆಮೇಲೆ ನಾವು ಬಿಚ್ಚಿದೆವು. ಒಂದೊಂದು ಚಕ್ಕೆಯೂ ಒಂದೇ ಮೆಟ್ಟಿಲಿಗೆ ಕೂಡುತ್ತದೆ, ಬೇರೆಡೆ ಕೂಡುವುದಿಲ್ಲ. ಗೀರಿನ ಓರೆ, ಕಲ್ಲಿನ ಬಣ್ಣ, ದಪ್ಪ ನೋಡಿ ಹೊಂದಿಸುತ್ತ ಹೋದೆವು. ನನ್ನ ಬೆರಳ ತುದಿಗಳು ಒಡೆದವು. ಸರಿಯಾದ ಚಕ್ಕೆ ಒಳಗೆ ಸರಿದಾಗ ಚಪ್ಪಡಿಯಿಂದ ಒಂದು ಮೆತ್ತನೆಯ ಸದ್ದು ಬರುತ್ತದೆ. ಕಾಕಾ ಆಗೆಲ್ಲ “ಹಾಂ, ಉಂಡತು” ಎನ್ನುತ್ತಿದ್ದರು.

ಇವತ್ತು ಮಧ್ಯಾಹ್ನದ ಹೊತ್ತಿಗೆ ಕೊನೆಯ ಗೂಡೂ ಮುಗಿಯಿತು. ಮುನ್ನೂರ ತೊಂಬತ್ತಮೂರು ಮೆಟ್ಟಿಲು ಗಟ್ಟಿಯಾಗಿವೆ. ಹತ್ತೊಂಬತ್ತು ಇನ್ನೂ ಅಲುಗುತ್ತಿವೆ. ಅವುಗಳ ಚಕ್ಕೆ ಗುಡ್ಡದ ಮೇಲೆ ಎಲ್ಲಿಯೂ ಇಲ್ಲ. ನೆನಪಿಗೆಂದು ಚೀಲದಲ್ಲಿ ಹಾಕಿಕೊಂಡು ಹೋದಿರೋ, ಸಂಜೆಯ ಉಮೇದಿನಲ್ಲಿ ಹೊಳೆಗೆ ಬೀಸಿ ಒಗೆದಿರೋ ನನಗೆ ಗೊತ್ತಿಲ್ಲ. ಕಾಕಾ ಆ ಮೆಟ್ಟಿಲುಗಳನ್ನು ಎರಡು ಸಲ ಎಣಿಸಿ, ಕಮ್ಮಾರನ ಬಳಿ ಹತ್ತೊಂಬತ್ತು ಹಾರೆ ಕೇಳಿ ತಂದರು. ನಾಳೆ ನಾವು ಹತ್ತೊಂಬತ್ತು ಜನ ಸೈರನ್‌ಗೆ ಮೊದಲೇ ಹೋಗಿ, ಅಲುಗುವ ಪ್ರತಿ ಚಪ್ಪಡಿಯ ಕೆಳಗೆ ಹಾರೆ ಕೊಟ್ಟು ಹೆಗಲಿನಿಂದ ಒತ್ತಿ ಹಿಡಿಯುತ್ತೇವೆ. ಊರು ದಾಟುವವರೆಗೆ ಬಿಡುವುದಿಲ್ಲ. ಇನ್ನೂರ ಆರನೆಯದು ನನ್ನದು. ಅದು ಎಲ್ಲಕ್ಕಿಂತ ಭಾರ. ಬೇರೆಯವರು ಕೇಳುವ ಮೊದಲೇ ಬೇಡಿ ಪಡೆದೆ. ಎಲ್ಲರೂ ದಾಟಿದ ಮೇಲೆ ಅದೇ ತಾಸಿನೊಳಗೆ ನಾವೂ ಮೇಲೆ ಮುಟ್ಟಬೇಕು. ಮುಟ್ಟುತ್ತೇವೆ.

ಆದರೆ ಆ ಹತ್ತೊಂಬತ್ತು ಮೆಟ್ಟಿಲುಗಳ ಕಲ್ಲು ನಿಮ್ಮ ಕಾಲದಲ್ಲಿ ಇನ್ನೂ ಇಲ್ಲೇ ಇದೆ. ಬನ್ನಿ, ಗೂಳಿಗಳನ್ನು ನೋಡಿ, ಮಲಗಿದ ಕಂಬವನ್ನು ಮುಟ್ಟಿ, ಕೋಟೆ ಹತ್ತಿ ಬುತ್ತಿ ಬಿಚ್ಚಿ. ನಿಮಗೆ ಮನೆಯಾಗಲಿ ಎಂದು ನಾನೂ ಹಾರೈಸುತ್ತೇನೆ. ಹತ್ತುವಾಗ ಯಾವುದೋ ಸಂದಿಯಿಂದ ಚಪ್ಪಟೆ ಕಲ್ಲೊಂದು ನಿಮ್ಮ ಕೈಗೆ ಬಂದಿದ್ದರೆ, ದಯವಿಟ್ಟು ಅದೇ ಸಂದಿಗೆ ಮರಳಿ ತೂರಿಸಿ. ಚಪ್ಪಡಿಯ ಮೇಲೆ ನಿಂತು ಒಮ್ಮೆ ಮೈಭಾರ ಹಾಕಿ ನೋಡಿ. ಅದು ಅಲುಗದಿದ್ದರೆ, ನಾಳೆ ಇಲ್ಲಿ ನಮ್ಮಲ್ಲೊಬ್ಬರು ಹಾರೆ ಕೆಳಗಿಟ್ಟು ಊರಿನ ಜೊತೆ ಹತ್ತುತ್ತಾರೆ.

ಇಂತಿ,
ಗಂಗಾಂಬಿಕಾ ಬಡಿಗೇರ
ದಾರಿಪಾಳಿ, ಹೊಳೆಹಂಚಿನಾಳ