ಒಂದು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಿದವರಿಗೆ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ಸ್ಕ್ಯಾನಿಂಗ್ ಕೋಣೆಯಿಂದ ಶುಭಾಶಯ ಹೊತ್ತು ಬಂದ ಐದನೇ ದಿನ ನನ್ನ ಹೆಂಡತಿ ಸತ್ತಳು. ನಿಮ್ಮ ವಿಚಾರಣಾ ವರದಿ ನಿನ್ನೆ ಕೈಸೇರಿತು. ಮೂವತ್ತು ಸಾವಿರದಲ್ಲಿ ಒಬ್ಬರಿಗೆ ಬರುವ ಅಪರೂಪದ ಪ್ರಕರಣವಂತೆ, ಯಾರ ಲೋಪವೂ ಇಲ್ಲವಂತೆ. ಬದುಕಿದ್ದಾಗ ಅವಳನ್ನು ಯಾರೂ ಇಷ್ಟು ಅಪರೂಪವೆಂದು ಎಣಿಸಿರಲಿಲ್ಲ. ಸತ್ತ ಮೇಲಾದರೂ ಗೌರವ ಕೊಟ್ಟಿರಿ, ಋಣಿಯಾಗಿದ್ದೇನೆ.

ನಾನು ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವವನು. ವೈದ್ಯಶಾಸ್ತ್ರ ಗೊತ್ತಿಲ್ಲ, ತಲೆ ಎಣಿಸುವುದು ಗೊತ್ತು. ಆರು ವರ್ಷ ಮಕ್ಕಳಾಗದ ನಮಗೆ ನಿಮ್ಮ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಚಿಕಿತ್ಸೆ ಕೊಟ್ಟು, ಅವಳ ಗರ್ಭಕೋಶಕ್ಕೆ ಎರಡು ಭ್ರೂಣ ಬಿಟ್ಟಿರಿ. ಹಾಗೆಂದು ಕಡತದಲ್ಲೂ ಬರೆದಿರಿ. ಏಳನೇ ವಾರ ನೆಲಮಹಡಿಯಲ್ಲಿ ಸ್ಕ್ಯಾನ್ ಮಾಡಿದವರು ಒಂದನ್ನು ಕಂಡರು, ಸ್ಕ್ಯಾನ್ ಹಾಳೆಯಲ್ಲಿ "ಗರ್ಭಕೋಶದಲ್ಲಿ ಮಗು ಇದೆ" ಎಂಬ ಚೌಕಕ್ಕೆ ಗುರುತು ಹಾಕಿದರು, ಕೈಗೆ ಅಂಟಿದ ಜೆಲ್ ಒರೆಸಿಕೊಂಡರು. ಇನ್ನೊಂದು ಎಲ್ಲಿ ಹೋಯಿತೆಂದು ಯಾರಾದರೂ ಕೇಳಿದರೇ? ಮೂರನೇ ಮಹಡಿಯಿಂದ ಕೆಳಕ್ಕೆ ಲಿಫ್ಟ್ ಇದೆ ಸ್ವಾಮಿ, ಕಡತ ಮಾತ್ರ ಇಳಿಯುವುದಿಲ್ಲ. ಇಬ್ಬರು ಹತ್ತಿದ್ದಾರೆಂದು ಗೊತ್ತಿದ್ದೂ ಒಬ್ಬನನ್ನೇ ನೋಡಿ ನಾನು ಬಸ್ಸಿಳಿದರೆ ನನ್ನ ಕೆಲಸ ಉಳಿಯುತ್ತದೆಯೇ?

ಎರಡರಲ್ಲಿ ಒಂದು ನಿಲ್ಲದೆ ಹೋಗುವುದು ಸಾಮಾನ್ಯ ಎನ್ನುತ್ತೀರಿ. ಒಪ್ಪಿದೆ. ಆದರೆ ಮೂರು ದಿನ ಬಿಟ್ಟು ಅವಳು ಬಲಗಡೆಯ ಕಿಬ್ಬೊಟ್ಟೆ ಹಿಡಿದುಕೊಂಡು ಮತ್ತೆ ಬಂದಳಲ್ಲ? "ಮಲಗಿದ್ರೆ ಭುಜದ ತುದಿ ತುಂಬಾ ನೋಯುತ್ತೆ ಡಾಕ್ಟ್ರೇ, ತಲೆ ಸುತ್ತುತ್ತೆ" ಎಂದಳು. ನಿಮ್ಮವರು ಮತ್ತೆ ಅದೇ ಮಗುವನ್ನು ನೋಡಿದರು. "ಎದೆಬಡಿತ ಕಾಣ್ತಿದೆಯಲ್ಲಮ್ಮಾ, ಇನ್ನೇನು ಬೇಕು? ಮಗು ಹೊಟ್ಟೇಲಿ, ನೋವು ಭುಜದಲ್ಲಾ! ಚೊಚ್ಚಲು ಅಂದ್ರೆ ನಾಟಕ ಇದ್ದದ್ದೇ" ಎಂದು ನಕ್ಕು, ಮೂಳೆ ವಿಭಾಗಕ್ಕೆ ಚೀಟಿ ಬರೆದರು. ಒಳಗೆ ಸೋರಿದ ರಕ್ತ ಮೇಲೇರಿದರೆ ಭುಜ ನೋಯುತ್ತದೆ ಎಂದು ನನಗೆ ತಿಳಿಸಿದವರು, ಎರಡು ದಿನದ ನಂತರ ಅವಳ ಹೊಟ್ಟೆ ತೆರೆದ ಡಾಕ್ಟರಮ್ಮ. ಎರಡನೆಯದು ಗರ್ಭಕೋಶದ ಪಕ್ಕದ ನಳಿಕೆಯಲ್ಲಿ ಬೆಳೆದು ಒಡೆದಿತ್ತು. ಚೌಕದೊಳಗಿನ ಮಗು ತಾಯಿಯೊಂದಿಗೇ ಹೋಯಿತು. ಮೂವತ್ತು ಸಾವಿರದ ಲೆಕ್ಕ ತಾವಾಗಿ ಬಸಿರಾದವರದು, ನಿಮ್ಮ ಮೂರನೇ ಮಹಡಿಯಿಂದ ಇಳಿದವರಲ್ಲಿ ಇದು ಅಷ್ಟೇನೂ ಅಪರೂಪವಲ್ಲ ಎಂದೂ ಅವರೇ ಹೇಳಿದರು. ನಿಮ್ಮ ವರದಿಯಲ್ಲಿ ಆ ಸಾಲು ಕಾಣಲಿಲ್ಲ.

ನಿಮ್ಮ ಮೇಲೆ ಹರಿಹಾಯುವಾಗ ನನ್ನ ಪಾಲನ್ನೂ ಹೇಳಿಬಿಡುತ್ತೇನೆ. ಸತ್ತ ದಿನ ಬೆಳಿಗ್ಗೆ ಅವಳು ಅಡುಗೆಮನೆಯ ಗೋಡೆಗೆ ಒರಗಿ, "ಏನೋ ಸರಿಯಿಲ್ಲ ಕಣ್ರೀ, ಇನ್ನೊಂದ್ಸಲ ಹೋಗೋಣ" ಎಂದಳು. "ಡಾಕ್ಟ್ರಿಗಿಂತ ನಿಂಗೇ ಜಾಸ್ತಿ ಗೊತ್ತಾ?" ಎಂದು ರೇಗಿ ಡ್ಯೂಟಿಗೆ ಹೋದೆ. ಅವಳಿಗೆ ಗೊತ್ತಿತ್ತು. ನಿಮ್ಮ ಚೌಕವನ್ನು ನಂಬಿದ ಮೂರ್ಖ ನಾನು.

ನಿಮ್ಮ ಕ್ಷಮೆ ನನಗೆ ಬೇಡ. ಸ್ಕ್ಯಾನ್ ಹಾಳೆಯ ಆ ಚೌಕದ ಕೆಳಗೆ ಇನ್ನೊಂದು ಸಾಲು ಅಚ್ಚು ಹಾಕಿಸಿ: "ಗರ್ಭಕೋಶದ ಹೊರಗೂ ನೋಡಿದ್ದೇನೆ." ನೋಡಿದವರು ಸಹಿ ಹಾಕಲಿ. ಸಹಿ ಬೀಳುವವರೆಗೆ ನೋವೆಂದು ಬಂದ ಯಾವ ಹೆಂಗಸನ್ನೂ ಮನೆಗೆ ಕಳಿಸಬೇಡಿ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ಜನ ನಗಬಹುದು. ನಗಲಿ, ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಇವತ್ತೂ ಹದಿನೈದು ಜನ ಕೂತಿದ್ದಾರೆ.

ಮೊನ್ನೆ ಅವಳ ಫೋನಿಗೆ ನಿಮ್ಮ ಆಸ್ಪತ್ರೆಯ ಸಂದೇಶ ಬಂತು: ಹನ್ನೆರಡನೇ ವಾರದ ಸ್ಕ್ಯಾನ್ ಗುರುವಾರ ಹತ್ತು ಗಂಟೆಗೆ, ಪತಿಯೊಂದಿಗೆ ಬನ್ನಿ. ಗುರುವಾರ ಹತ್ತಕ್ಕೆ ಪತಿ ಬರುತ್ತಾನೆ. ಹೊಸ ಹಾಳೆ ತೋರಿಸಿ.

ಇಂತಿ,
ನಿಮ್ಮ ಮೂವತ್ತು ಸಾವಿರದಲ್ಲಿ ಒಬ್ಬಳ ಗಂಡ