ಸೋಮವಾರದ ಸಬ್ಬಸಿಗೆ

ಶ್ರೀ ಗುರುಬಸವ ಪ್ರಸನ್ನ

ಯರಗುಪ್ಪಿ
ತಾ. ೬-೧-೧೯೮೭, ಮಂಗಳವಾರ

ಚಿ. ಸೌ. ಶಾರದವ್ವನಿಗೆ,

ನಿನ್ನ ಅಪ್ಪನ ಅನೇಕ ಆಶೀರ್ವಾದಗಳು. ನಾನೂ ನಿನ್ನ ಸೋದರತ್ತೆ ಅನ್ನವ್ವನೂ ಇಲ್ಲಿ ಹೊತ್ತಿಗೆ ಸರಿಯಾಗಿ ಉಂಡುಕೊಂಡು ಇದ್ದೇವೆ. ಕಾಗದ ಬರೆಯಲು ತಡವಾಯಿತು, ಸಿಟ್ಟಾಗಬೇಡ. ಮೊಣಕಾಲು ನೋವೆಂದು ನೆಪ ಹೇಳೋಣವೆಂದರೆ, ಕಾಗದವನ್ನೇನು ಮೊಣಕಾಲಿನಿಂದ ಬರೆಯುತ್ತಾರೆಯೇ ಎಂದು ನೀನೇ ಕೇಳುತ್ತೀ. ಚಷ್ಮಾದ ಕಡ್ಡಿ ಮುರಿದಿದೆ ಎನ್ನೋಣವೆಂದರೆ, ಅದು ಮುರಿದದ್ದು ಹೋದ ವರ್ಷ. ದಾರ ಕಟ್ಟಿಕೊಂಡೇ ಇಷ್ಟು ದಿನ ಎಲ್ಲವನ್ನೂ ಓದಿದ್ದೇನೆ. ಇದ್ದದ್ದು ಇದ್ದ ಹಾಗೆ ಹೇಳಿದರೆ, ದಣಿದಿದ್ದೇನೆ. ಎಳ್ಳ ಅಮಾವಾಸ್ಯೆ ಆದಾಗಿನಿಂದ ದಿನಾ ಸಂಜೆ ಕಟ್ಟೆಯ ಮೇಲೆ ಪೆನ್ನು ಹಿಡಿದು ಕೂಡುತ್ತೇನೆ, ಒಂದೆರಡು ಸಾಲು ಬರೆಯುತ್ತೇನೆ, ಎದ್ದು ಹಿತ್ತಿಲಿಗೆ ಹೋಗುತ್ತೇನೆ. ಹಾಗೆ ಹೋಗಿ ಬಂದು ಬರೆದ ಕಾಗದ ಇದು. ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೋ.

ನನ್ನ ಹಿಂದಿನ ಕಾಗದಗಳು ತಲುಪಿದವೋ ಇಲ್ಲವೋ ಗೊತ್ತಿಲ್ಲ. ಗೌರಿ ಹುಣ್ಣಿಮೆಯಿಂದೀಚೆಗೆ ನಿನ್ನಿಂದ ಒಂದಕ್ಷರವಿಲ್ಲ. ಅದಕ್ಕೇ ಹಿತ್ತಿಲಿನ ಕಥೆಯನ್ನು ಮೊದಲಿಂದ ಹೇಳುತ್ತೇನೆ. ಕೇಳಿದ್ದನ್ನೇ ಮತ್ತೆ ಕೇಳಿದರೆ ನಿನಗೇನೂ ನಷ್ಟವಿಲ್ಲ. ಹೇಳಿದರೆ ನನಗೆ ಸ್ವಲ್ಪ ಹಗುರವಾಗುತ್ತದೆ.

ನಿನ್ನವ್ವ ಸುಶೀಲವ್ವ ತೀರಿಕೊಂಡ ಮೇಲೆ ಹಿತ್ತಿಲ ಬಾಗಿಲನ್ನು ನಾನು ತೆಗೆದದ್ದೇ ಕಡಿಮೆ. ಅಲ್ಲಿ ಜಾಲಿ ಎದ್ದಿತ್ತು. ಓಣಿಯ ಕೋಳಿಗಳೆಲ್ಲ ಅಲ್ಲೇ ಸಂಸಾರ ಹೂಡಿದ್ದವು. ಕಾರಹುಣ್ಣಿಮೆಯ ಸುಮಾರಿಗೆ ನೀನು ಬಸುರಿ ಎಂಬ ಸುದ್ದಿ ಬಂತು. ಸಕ್ಕರೆ ಪೊಟ್ಟಣ ಹಿಡಿದು ಶಲವಡಿಗೆ ಓಡಿ ಬಂದೆ. ನಿನ್ನ ಅತ್ತೆ ಸಾವಿತ್ರೆವ್ವನವರು ಚಹಾ ಕೊಟ್ಟು, “ಚೊಚ್ಚಲ ಬಾಣಂತನ ತವರುಮನಿದು, ಅದು ಖರೇನ ಬೀಗರ. ಆದ್ರ ನಿಮ್ಮನಿಯಾಗ ಹೆಣಮಗಳ ದಿಕ್ಕಿಲ್ಲ. ಯಾರ ಮಾಡಾವ್ರು?” ಎಂದರು. “ನಾನ ಮಾಡ್ತೀನ್ರಿ” ಎಂದುಬಿಟ್ಟೆ. ಎಲ್ಲರೂ ನಕ್ಕರು. ನೀನೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆ. ನಗೆಪಾಟಲಾದರೂ ಆಡಿದ ಮಾತು ಆಡಿಯಾಗಿತ್ತು. ತಿರುಗಿ ಬರುವಾಗ ಸಂಶಿಯಲ್ಲೇ ಇಳಿದು, ಮಗನ ಮನೆಯಲ್ಲಿದ್ದ ಅನ್ನವ್ವನ ಮುಂದೆ ನಿಂತೆ. ಅವಳು ಎಲ್ಲ ಕೇಳಿ ಸೀರೆಗಳ ಗಂಟು ಕಟ್ಟಿದಳು. ನಮ್ಮ ಮನೆಗೆ ಬಂದು ಹಿತ್ತಿಲ ಬಾಗಿಲು ತೆಗೆದು ನೋಡಿದ ಮೇಲೆಯೇ ಬಾಯಿ ತೆಗೆದದ್ದು. “ಬಾಣಂತಿಗೆ ಉಣಸಾಕ ಇಲ್ಲೇನೈತೋ ತಮ್ಮಾ? ಕೋಳಿ ಹಿಕ್ಕಿ?”

ಹಾಗೆ ಶುರುವಾಯಿತು ನನ್ನ ತೋಟಗಾರಿಕೆ. ಜಾಲಿ ಕಡಿಸಿದೆ, ಕೋಳಿಗಳ ಜೊತೆ ಜಗಳ ತೆಗೆದೆ, ಎರೆ ಮಣ್ಣನ್ನು ಅಗೆದು ಗೊಬ್ಬರ ಹಾಕಿದೆ. ಆಮೇಲೆ ಮಾಡಿದೆ ನೋಡು, ಜನ್ಮವೆಲ್ಲ ಹೊಲದಲ್ಲಿ ಕೂರಿಗೆ ಹಿಡಿದವನು ಮಾತ್ರ ಮಾಡಬಹುದಾದ ದಡ್ಡತನ. ಹೊಲದಲ್ಲಿ ಹದ ಸಿಕ್ಕ ದಿನ ಬಿತ್ತನೆ ಮುಗಿಸಿಬಿಡಬೇಕು, ನಾಳೆಗೆ ಅಂತ ಉಳಿಸಬಾರದು. ಅದು ನನ್ನ ಮೈಗೆ ಹತ್ತಿದ ಬುದ್ಧಿ. ಸಂಶಿ ಪೇಟೆಯಿಂದ ತಂದ ಸಬ್ಬಸಿಗೆ ಬೀಜವನ್ನೆಲ್ಲ ಒಂದೇ ಮುಂಜಾನೆ ಹಿತ್ತಿಲ ತುಂಬ ಬಿತ್ತಿ, ಕೈ ತೊಳೆದುಕೊಂಡು, ಬಾಣಂತನದ ಅರ್ಧ ಕೆಲಸ ಮುಗಿಯಿತೆಂದು ಹೇಳಿ ಉಂಡು ಮಲಗಿದೆ. ಶ್ರಾವಣದಲ್ಲಿ ಹಿತ್ತಿಲೆಲ್ಲ ಹಸಿರು ಜಮಖಾನೆ. ಕಿತ್ತಷ್ಟೂ ಸಬ್ಬಸಿಗೆ. ನಿನಗೆ ಆಗಿನ್ನೂ ಐದನೆಯ ತಿಂಗಳು! ಓಣಿಗೆಲ್ಲ ಹಂಚಿದೆ, ಮಠಕ್ಕೆ ಕೊಟ್ಟೆ, ಎದುರುಮನೆಯ ಎಮ್ಮೆಗೂ ಹಾಕಿದೆ. ಉಳಿದದ್ದು ಹೂವು ಬಿಟ್ಟು ಬೀಜ ಕಟ್ಟಿತು.

ಅನ್ನವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಲೇ ತಮ್ಮಾ, ಬಾಣಂತಿಗೆ ದಿನಾ ಒಂದ ಹಿಡಿ ಎಳೇದು ಬೇಕಾಕ್ಕೈತಿ. ಒಂದ ದಿನ ಗಾಡಿ ತುಂಬ ಅಲ್ಲ. ಹಿತ್ತಲಾ ಅಂದ್ರ ಹೊಲಾ ಅಲ್ಲ. ಇವತ್ತೀಟು, ಬರೂ ವಾರ ಈಟು, ಹಂಗ ಹಾಕ್ಕೋಂತ ಹೋಗಬೇಕು.” ಸುಶೀಲವ್ವ ಹಾಗೇ ಮಾಡುತ್ತಿದ್ದಳಂತೆ. ಇಷ್ಟು ವರ್ಷ ಅವಳು ಬಡಿಸಿದ್ದನ್ನು ಉಂಡೆ, ಅದು ದಿನಾ ಹೇಗೆ ಎಳೆಯದೇ ಇರುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ. ಅಂದಿನಿಂದ ಸೋಮವಾರಕ್ಕೊಂದು ಸಾಲು. ಸೋಮವಾರ ಯಾಕೆಂದರೆ, ಮಠಕ್ಕೆ ಹೋಗುವ ದಿನ ಮರೆಯುವುದಿಲ್ಲ. ಮಠದಿಂದ ಬರುವುದು, ಅಂಗಿ ಕಳಚುವುದು, ಒಂದು ಸಾಲು ಹಾಕುವುದು.

ಸಬ್ಬಸಿಗೆಯ ಪಕ್ಕಕ್ಕೆ ಹಾಕಿದ ಮೆಂತ್ಯ ಕೈ ಕೊಟ್ಟಿತು. ಭಾದ್ರಪದದ ಮಳೆ ಹಿಡಿದು ಬಿಡಲಿಲ್ಲ. ಎರೆ ಮಣ್ಣು ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿತು, ಬೇರೆಲ್ಲ ಕೊಳೆತವು. ಮಳೆ ಹೋದ ಮೇಲೆ ಉಲ್ಟಾ. ನಮ್ಮ ಬಾವಿಯ ನೀರು ಸವಳು, ಹಾಕಿದರೆ ನಿನ್ನ ಮುಡಿಗೆಂದು ಹಚ್ಚಿದ ಶಾವಂತಿಗೆಯ ಎಲೆಯಂಚು ಸುಟ್ಟಂತಾಗುತ್ತದೆ. ಕೆರೆಯ ನೀರು ಕುಡಿಯಲಿಕ್ಕೇ ಹೊತ್ತು ತರಬೇಕು. ಕೊನೆಗೆ ಬಚ್ಚಲಿನಿಂದ ಹಿತ್ತಿಲಿಗೆ ಕಾಲುವೆ ತೋಡಿ, ಸ್ನಾನಕ್ಕೆ ಕೆರೆಯ ನೀರನ್ನೇ ತಂದೆವು. ಮೈಗೆ ಬಿದ್ದ ನೀರು ಗಿಡಕ್ಕೆ. “ನಿನ್ನ ಗಿಡಾ ಬದಕಲಿ ಅಂತ ನಾ ದಿನಾ ಎರಡ ಸರೆ ಎರಕೊಳ್ಳಲೇನು?” ಎಂದು ಅನ್ನವ್ವ ಬೈದಳು. ಬೈಯುತ್ತಲೇ ಪಾತ್ರೆ ತೊಳೆದ ನೀರನ್ನೂ ತಂದು ಅಲ್ಲೇ ಚೆಲ್ಲಿದಳು.

ಏಳನೆಯ ತಿಂಗಳಲ್ಲಿ ನಿನ್ನ ಕುಬಸಕ್ಕೆ ಶಾವಂತಿಗೆ ಸರಿಯಾಗಿ ಬಂತು. ಹಸಿರು ಬಳೆಗಳನ್ನು ನಮ್ಮ ಹಲೀಮಾಬಿಯ ಕಡೆಯಿಂದಲೇ ಕೊಂಡೆ. ನಿನಗೆ ತೊಟ್ಟಿಲಲ್ಲಿದ್ದಾಗಲೇ ಬಳೆ ತೊಡಿಸಿದವಳು ಅವಳು. ಈಗಲೂ ಬಳೆಯ ಮಲಾರ ಹೊತ್ತು ಅಣ್ಣಿಗೇರಿ, ಶಲವಡಿ ಎಂದು ಊರೂರು ತಿರುಗುತ್ತಾಳೆ. ಬುಟ್ಟಿಯಲ್ಲಿ ಹೂವು ಹೊತ್ತು ಬಸ್ಸು ಹತ್ತಿದೆ. ನವರಾತ್ರಿಯ ಗದ್ದಲದಲ್ಲಿ ನಿಂತೇ ಬಂದೆ. ಅಣ್ಣಿಗೇರಿ ದಾಟುವ ಹೊತ್ತಿಗೆ ಹೂವಿನ ಮುಖ ನನ್ನ ಮುಖದಷ್ಟೇ ಬಾಡಿತ್ತು. ನಿಮ್ಮ ಮನೆಯಲ್ಲಿ ಪೇಟೆಯ ಮಲ್ಲಿಗೆ ತಂದಿಟ್ಟಿದ್ದರು. ನೀನು ನನ್ನ ಬಾಡಿದ ಶಾವಂತಿಗೆಯನ್ನೇ ಮುಡಿದು, “ಅಪ್ಪಾ, ವಾಸನಿ ಇನ್ನೂ ಐತಿ” ಎಂದೆ. ಆ ಮಾತನ್ನು ಬುಟ್ಟಿಯಲ್ಲಿಟ್ಟುಕೊಂಡು ಊರಿಗೆ ಬಂದೆ. ನೀನು ಬಂದು ಮಲಗುವುದಕ್ಕೆ ಅಂತ ಹೊರಸಿಗೆ ಹೊಸ ನವಾರು ಬಿಗಿಸಿದೆ. ಅನ್ನವ್ವ ಅಂಟಿನ ಉಂಡಿಗೆಂದು ಅಂಟು, ಕೊಬ್ಬರಿ, ಉತ್ತತ್ತಿ ಡಬ್ಬಿಗೆ ತುಂಬಿದಳು.

ಗೌರಿ ಹುಣ್ಣಿಮೆ ಆದ ಮೇಲೆ ನಮ್ಮ ಅಳಿಯಂದಿರು ಈರಪ್ಪನವರ ಕಾರ್ಡು ಬಂತು. ಬಸ್ಸಿನ ಕುಲುಕು ಬೇಡವೆಂದು ಡಾಕ್ಟರು ಹೇಳಿದ್ದಾರೆ, ಹೆರಿಗೆ ಇಲ್ಲೇ ಆಗಲಿ ಎಂದು ಬರೆದಿದ್ದರು. ಡಾಕ್ಟರ ಮಾತು, ಇಲ್ಲವೆನ್ನುವ ಹಾಗಿಲ್ಲ. ಆದರೂ ಆ ದಿನ ಹಿತ್ತಿಲಿಗೆ ಹೋಗಲು ಕಾಲು ಬರಲಿಲ್ಲ. ಯಾರಿಗಾಗಿ ಇಷ್ಟೆಲ್ಲ ಎಂದು ಬೇಸರ ಬಂತು. “ಹಡದ ಮ್ಯಾಲರೆ ಕಳಸ್ತಾರಿಲ್ಲೋ? ಬಾಣಂತನಾ ಏನ ಒಂದ ದಿನದ್ದಾ?” ಎಂದು ಅನ್ನವ್ವ ಗದರಿಸಿದಳು. ಅದೂ ಖರೆಯೇ ಅನ್ನಿಸಿತು. ಮುಂದಿನ ಸೋಮವಾರ ಮತ್ತೆ ಸಾಲು ಹಾಕಿದೆ.

ಈಗ ಹಿತ್ತಿಲು ನೋಡುವಂತಿದೆ. ಅವರೆ ಬಳ್ಳಿ ತಟ್ಟಿಯನ್ನೇ ಮುಚ್ಚಿ ಗೋಡೆ ಹತ್ತಿದೆ. ಮುಳಗಾಯಿ ಗಿಡದಲ್ಲಿ ಕಾಯಿಗಿಂತ ಹುಳುವೇ ಹೆಚ್ಚು, ಇರಲಿ, ಬಾಣಂತಿಗೆ ಬದನೆ ಹೇಗೂ ವರ್ಜ್ಯ. ಎರಡನೆಯ ಸಲದ ಮೆಂತ್ಯ ಚೆನ್ನಾಗಿ ಬಂದಿದೆ. ಅಬ್ಬಲಿಗೆ ಬಿಟ್ಟೂ ಬಿಡದೆ ಹೂವು ಕೊಡುತ್ತಿದೆ. ಕಿತ್ತು ಲಿಂಗಪೂಜೆಗೆ ಏರಿಸುತ್ತೇನೆ, ಉಳಿದದ್ದು ಗಿಡದಲ್ಲೇ ಉದುರುತ್ತದೆ. ಮನೆಯಲ್ಲಿ ಮುಡಿಯುವವರಿಲ್ಲ.

ಅಮಾವಾಸ್ಯೆಗೆ ಈ ಸಲ ನಾನು ಹೊಲಕ್ಕೆ ಹೋಗಲಿಲ್ಲ. ನಮ್ಮ ಹೊಲ ಲಾವಣಿಗೆ ಹಿಡಿದು ಉಳುವವರೇ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಎಳ್ಳುಹೋಳಿಗೆ ತಂದುಕೊಟ್ಟರು. ಮರುದಿನ ಹಲೀಮಾಬಿ ಬಂದಿದ್ದಳು. ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಹೋಳಿಗೆಯನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ನಿನ್ನೆ ಸೋಮವಾರ. ಮಠಕ್ಕೆ ಹೋಗಿ ಬಂದು ಒಂದು ಸಾಲು ಸಬ್ಬಸಿಗೆ ಹಾಕಿದೆ. ಬಗ್ಗಿದರೆ ಏಳಲು ಆಗುವುದಿಲ್ಲ, ಎದ್ದರೆ ಬಗ್ಗಲು ಆಗುವುದಿಲ್ಲ. ಅನ್ನವ್ವ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು, ತಾನೇ ಸಾಲಿನುದ್ದಕ್ಕೂ ಚಿಮುಕಿಸಿದಳು.

ಅಳಿಯಂದಿರಿಗೂ ಸಾವಿತ್ರೆವ್ವನವರಿಗೂ ನನ್ನ ಶರಣು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಬಟ್ಟೆ ಕಟ್ಟಿಕೋ, ಥಂಡಿಯಲ್ಲಿ ಓಡಾಡಬೇಡ. ಬಸವಣ್ಣ ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಪ್ಪ,
ಮಡಿವಾಳೆಪ್ಪ

ತಾ.ಕ.: ಸಹಿ ಮಾಡಿದ ಮೇಲೆ ಬರೆಯುತ್ತಿದ್ದೇನೆ. ಇದನ್ನು ಮೇಲೆ ಬರೆಯಬೇಕಿತ್ತು, ಕೈ ಓಡಲಿಲ್ಲ. ನನಗೆ ಗೊತ್ತಾಗಿದೆ, ಶಾರವ್ವಾ. ಹಲೀಮಾಬಿ ಹೇಳಿದಳು. ಅವಳ ಮೇಲೆ ಸಿಟ್ಟಾಗಬೇಡ. ನಾನು ಹಿತ್ತಿಲು ತೋರಿಸಲು ಎದ್ದಾಗ ಅವಳಿಗೆ ತಡೆಯಲಾಗಲಿಲ್ಲ. “ಕೂಸು ಹುಟ್ಟಿದ್ದು ಅಳಲೇ ಇಲ್ಲಂತ್ರಿ ಕಾಕಾ. ಇನ್ನಾ ತಿಂಗಳ ಸೈತ ಆಗಿಲ್ಲ, ಕೆರಿ ಏರಿ ಮ್ಯಾಲ ಕೊಡಾ ಹೊತಗೊಂಡ ಹೊಂಟಿದ್ಲು. ನಾ ಆಕಿನ್ನ ಹಿಡಕೊಂಡ ಅತ್ತಬಿಟ್ಟೆ. ‘ಅಪ್ಪಗ ಹೇಳಬ್ಯಾಡ, ಅಂವಾ ನನಗಂತ ಸಬ್ಬಸಗಿ ಹಾಕ್ಯಾನ’ ಅಂದ್ಲು” ಎಂದಳು. ಕೂಸಿಲ್ಲದವಳಿಗೆ ಬಾಣಂತನ ಎಂಥದ್ದು ಎಂದು ಸಾವಿತ್ರೆವ್ವನವರು ಅಂದರಂತೆ, ಅದನ್ನೂ ಹೇಳಿದಳು.

ಕಾಗದದ ಮೇಲೆ ಕಾಗದ ಬರೆದು, ಅದು ಚಿಗುರಿತು ಇದು ಹೂ ಬಿಟ್ಟಿತು ಎಂದು ಹಿಗ್ಗುತ್ತಿದ್ದೆನಲ್ಲ. ಅದನ್ನೆಲ್ಲ ಓದುತ್ತ ನೀನು ಒಬ್ಬಳೇ ಕೂತಿದ್ದೆ. ಎದೆ ಒಡೆದು ಹೋಗುತ್ತದೆ ಅದನ್ನು ನೆನೆದರೆ. ನನ್ನನ್ನು ನೋಯಿಸಬಾರದೆಂದು ನೀನು ಸುಮ್ಮನಿದ್ದೆಯಲ್ಲ ಮಗಳೇ, ಅದಕ್ಕಿಂತ ದೊಡ್ಡ ನೋವು ನನಗೆ ಯಾವುದಿದೆ?

ಅನ್ನವ್ವನ ಹತ್ತಿರ ಹೇಳಿದೆ. ಅವಳು ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ: “ಕೂಸು ಉಳೀಲಿ ಬಿಡಲಿ, ಹಡದಾಕಿ ಬಾಣಂತಿನ. ಆಕಿ ಮೈ ಹಸೀನ ಐತಿ. ಬಾಣಂತನಾ ಮಾಡೂದು ಹಡದಾಕಿಗಿ. ಹೋಗಿ ಕರಕೊಂಡ ಬಾ.” ಈ ಮಾತನ್ನು ನಿಮ್ಮ ಮನೆಯಲ್ಲಿ ಯಾರು ಓದಿದರೂ ನನಗೆ ಸಂಕೋಚವಿಲ್ಲ. ಓದಲಿ ಎಂದೇ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಬಸ್ಸಿನ ಕುಲುಕು ಆಗದೆಂದು ಡಾಕ್ಟರು ಹೇಳಿದ್ದು ಆಗ. ಕೆರೆಯಿಂದ ಕೊಡ ಹೊರಲು ಆಗುವವಳಿಗೆ ಈಗ ಬಸ್ಸಿನಲ್ಲಿ ಕೂಡಲೂ ಆಗುತ್ತದೆ.

ಬರುವ ಸೋಮವಾರ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ. ಬಟ್ಟೆಯ ಗಂಟು ಕಟ್ಟಿಕೊಂಡಿರು. ಯಾರಿಗೂ ಏನೂ ಹೇಳಬೇಡ, ಹೇಳುವುದನ್ನು ನಾನು ಹೇಳುತ್ತೇನೆ. ಆ ದಿನದ ಸಾಲನ್ನು ಅನ್ನವ್ವ ಹಾಕುತ್ತಾಳೆ.