ಪಾವ್‌ಗೆ ಲಿಸ್ಬನ್ ಇಲ್ಲ

ಪಾಪಾ, ನನ್ನ ಮದುವೆ ಆಗಿಹೋಯಿತು, ಮುಂದಿನ ವಾರ ಲಿಸ್ಬನ್‌ಗೆ ಹೊರಟಿದ್ದೇವೆ! ನೀನು ತೀರಿಕೊಂಡ ಮೇಲೆ ನನ್ನ ಮಂಚದಡಿಯೇ ಮಲಗುವ ನಿನ್ನ ನಾಯಿ ಪಾವ್ ಇಗರ್ಜಿಯಲ್ಲಿ ಎಷ್ಟು ಚೆಂದ ಕಾಣುತ್ತಿದ್ದ ಗೊತ್ತಾ!

ಇವತ್ತು ಇಲ್ಲಿ ಮುಂಬೈಯಲ್ಲಿ ನಾಯಿ ಡಾಕ್ಟರ್ ಅವನ ಲಸಿಕೆಯ ಕಾಗದ ನೋಡಿ, "ಅಯ್ಯೋ ಮಗಳೇ, ಅಲ್ಲಿಗೆ ಕರ್ಕೊಂಡ್ಹೋಗ್ಬೇಕಂದ್ರೆ ಮೊದಲು ಮೈಯೊಳಗೆ ಗುರುತಿನ ಚಿಪ್, ಆಮೇಲೆ ರೇಬಿಸ್ ಲಸಿಕೆ. ನೀನು ಉಲ್ಟಾ ಮಾಡ್ಸಿದ್ದೀಯ. ಮತ್ತೆ ಲಸಿಕೆ, ರಕ್ತ ಪರೀಕ್ಷೆ, ಆಮೇಲೂ ಮೂರು ತಿಂಗಳು ಕಾಯ್ಬೇಕು" ಎಂದರು. ಮದುವೆಗೆ ನೆಂಟರ ಮಕ್ಕಳು ಬರುತ್ತಾರೆಂದು ನಾನೇ ಆತುರದಿಂದ ಮೊದಲು ಲಸಿಕೆ ಹಾಕಿಸಿದ್ದೆ.

"ಲಿಸ್ಬನ್‌ನಲ್ಲಿ ನಾಯಿಗೇನು ಬರವಾ?" ಎಂದು ನನ್ನ ಗಂಡ ಅಗ್ನೆಲ್ ನಕ್ಕ. ನಾನೂ ನಕ್ಕೆ.

ಮಡಗಾಂವಿನಲ್ಲಿ ನಮ್ಮ ಪಕ್ಕದ ಮನೆಯ ಪಿಯೆದಾದ್ ಆಂಟಿ ಪಾವ್‌ನನ್ನು ಅಂಗಳದಲ್ಲಿ ಕಟ್ಟಿ ಸಾಕುತ್ತಾರಂತೆ. ನೀನು ಒಂದು ದಿನವೂ ಅವನಿಗೆ ಸರಪಳಿ ಹಾಕಿದವನಲ್ಲ. ನಾನು ಇವತ್ತು ಕೊಂಡೆ.

ಗುರುವಾರ ಮಾಂಡವಿ ಎಕ್ಸ್‌ಪ್ರೆಸ್‌ನಲ್ಲಿ ಪಾವ್ ಮತ್ತು ನಾನು ಇಬ್ಬರೂ ಮಡಗಾಂವಿಗೆ ಬರುತ್ತೇವೆ.